ಜಂಬಪ್ಪ ನೋಡದ ಅಡುಗೆಮನೆ

ಲಿಂಗಕ್ಕನ ಮನೆಯಲ್ಲಿ ಬಾಡಿಗೆಗೆ ಇರುವವರಿಗೆ ಇದ್ದದ್ದು ಒಂದೇ ಕಟ್ಟಳೆ: ಗೋಡೆಗೆ ಮೊಳೆ ಹೊಡೆಯಬಾರದು. ನೀರು ಎಷ್ಟು ಚೆಲ್ಲಿದರೂ, ನೆಂಟರು ಎಷ್ಟು ದಿನ ಕೂತರೂ ಅವಳು ಕೇಳುತ್ತಿರಲಿಲ್ಲ. ಮೊಳೆ ಮಾತ್ರ ಕೂಡದು. "ನಮ್ಮ ಯಜಮಾನ್ರು ಕಟ್ಟಿಸಿದ ಗೋಡಿ ಐತಿ ಅದು. ಅದಕ್ಕ ಚುಚ್ಚಿದ್ರ ನನಗ ಚುಚ್ಚಿದಂಗ" ಎಂದು ಪ್ರಾಣೇಶ ಮತ್ತು ಅವನ ಹೆಂಡತಿ ಅಂಬೂಬಾಯಿ ಸಾಮಾನು ಇಳಿಸಿದ ದಿನವೇ ಓಣಿಯ ಕೊನೆಯ ತನ್ನ ಮನೆಯಿಂದ ಬಂದು ಹೇಳಿ ಹೋಗಿದ್ದಳು. ಹೀಗಾಗಿ ಆ ಮನೆಯಲ್ಲಿ ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ದೇವರ ಪಟಗಳು ಗೂಡಿನಲ್ಲಿ ಒಂದರ ಹಿಂದೊಂದು ನಿಂತು, ದರ್ಶನ ಕೊಡಲು ತಾವೇ ಸರತಿ ಕಾಯುತ್ತಿದ್ದವು. ಪ್ರಾಣೇಶನ ಅಂಗಿ ಬಾಗಿಲ ಚಿಲಕಕ್ಕೆ ಜೋತುಬಿದ್ದಿದ್ದು, ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಅಂಗಿ ಕೆಳಗೆ ಬೀಳುತ್ತಿತ್ತು.

ಅಂಬೂಬಾಯಿ ಮದ್ದಿಕೇರದ ಪುರೋಹಿತರ ಮಗಳು. ಆಕೆಗೆ ಬೇರೆ ಆಸೆಗಳೇ ಇರಲಿಲ್ಲವೆಂದಲ್ಲ. ಇದ್ದವೆಲ್ಲ ಒಂದರಲ್ಲಿ ಬಂದು ಕೂಡಿಕೊಂಡಿದ್ದವು. "ನಮ್ಮದು ಅಂತ ಒಂದು ಗೋಡಿ ಬೇಕು. ನಾ ಅದಕ್ಕ ನನ್ನ ಕೈಯಾರೆ ಮೊಳಿ ಹೊಡೀಬೇಕು. ಕೇಳವರು ಯಾರೂ ಇರಬಾರದು."

ಪ್ರಾಣೇಶ ಇದಕ್ಕೆ ಏನೂ ಹೇಳುತ್ತಿರಲಿಲ್ಲ. ಆದೋನಿಯ ಹತ್ತಿ ಪ್ರೆಸ್ಸೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಗಲೆಲ್ಲ ಯಂತ್ರದ ಸದ್ದು. ಮನೆಗೆ ಬಂದು ಊಟ ಮುಗಿಸಿ, ನಡುಮನೆಯ ಗೋಡೆಗೆ ತಲೆ ಆನಿಸಿ ಕೂತರೆ ಮಾತು ಬೇಕೆನಿಸುತ್ತಿರಲಿಲ್ಲ. ಅವನ ತಲೆ ತಾಗುವ ಜಾಗದಲ್ಲಿ ಕೊಬ್ಬರಿ ಎಣ್ಣೆಯ ದುಂಡನೆಯ ಕಲೆ ಬಿದ್ದಿತ್ತು. ಪ್ರತಿ ಯುಗಾದಿಗೂ ಸುಣ್ಣ ಹಚ್ಚುತ್ತಿದ್ದರು. ಪ್ರತಿ ಸಲವೂ ಆ ಕಲೆ ಸುಣ್ಣವನ್ನು ಕುಡಿದು ಮೇಲೆ ಬರುತ್ತಿತ್ತು.

ಆ ವರ್ಷ ಹತ್ತಿ ವ್ಯಾಪಾರಿ ರೇವಣಸಿದ್ದಯ್ಯನವರ ಹಳೆಯ ಮನೆ ಮಾರಾಟಕ್ಕೆ ಬಂತು. ಕಲ್ಲಿನ ಕಟ್ಟೆ, ಅಗಲವಾದ ಪಡಸಾಲೆ, ಸಾಗುವಾನಿ ಕಂಬ. ಗಂಡಹೆಂಡತಿ ಎರಡು ಸಲ ಹೋಗಿ ನೋಡಿ ಬಂದರು. ಅಂಬೂಬಾಯಿ ಮೊಳೆ ಹೊಡೆಯುವ ಜಾಗವನ್ನೂ ಕಣ್ಣಲ್ಲೇ ಗುರುತು ಮಾಡಿಟ್ಟಳು. ಆದರೆ ಪ್ರಾಣೇಶನಿಗೆ ಧೈರ್ಯ ಸಾಲಲಿಲ್ಲ. ಅವನ ಪ್ರಾವಿಡೆಂಟ್ ಫಂಡು, ಆಕೆಯ ಬಂಗಾರದ ಪಾಟಲಿ ಬಿಲ್ವಾರಗಳು, ಇವು ಜನ್ಮದಲ್ಲಿ ಒಂದೇ ಸಲ ಖರ್ಚಾಗುವಂಥವು. ಅವನ ಅಣ್ಣ ಸೇತುಮಾಧವ ಸಿ. ಬೆಳಗಲ್‌ನಲ್ಲಿ ಒಬ್ಬ ಮೇಸ್ತ್ರಿಯ ಮಾತು ನಂಬಿ ಮನೆ ಕೊಂಡಿದ್ದ. ಮೊದಲ ಮಳೆಗೇ ಹಿತ್ತಿಲ ಗೋಡೆ ಸದ್ದಿಲ್ಲದೆ ಮಲಗಿತು. ಆ ಮನೆ ಕಟ್ಟಿದವನು ಅದೇ ಮೇಸ್ತ್ರಿಯೆಂದು ಆಮೇಲೆ ತಿಳಿಯಿತು.

"ಮನಿ ನೋಡೋರು ಬೇಕಾದಷ್ಟು ಮಂದಿ ಸಿಗತಾರ" ಎಂದ ಪ್ರಾಣೇಶ, ಗೋಡೆಗೆ ಆನಿಸಿದ ತಲೆ ಎತ್ತದೆ. "ಆ ನೋಡೋವನ್ನ ನೋಡೋದು ಹ್ಯಾಂಗ?"

ಅವನ ತಲೆಯಲ್ಲಿ ಏನೋ ಬೇಯುತ್ತಿದೆಯೆಂದು ಅಂಬೂಬಾಯಿಗೆ ಗೊತ್ತಾಗುತ್ತಿತ್ತು. ಕೊನೆಗೆ ಅವನ ಮೀಸೆಯ ತುದಿ ಸ್ವಲ್ಪ ಅಲುಗಿತು.

"ಅಂಬೂ, ಈ ಮನಿ ಹುಳುಕು ನಮಗ ಗೊತ್ತದಲ್ಲ?"

"ಗೊತ್ತಿಲ್ಲದೇನು? ನಡುಮನಿ ತೊಲಿ ಗೆದ್ದಲು ತಿಂದು ಟೊಳ್ಳಾಗ್ಯದ. ಪಡುವಣ ಗೋಡಿ ಮಳಿಗಾಲದಾಗ ನೀರು ಕುಡೀತದ."

"ಹಂಗಾದ್ರ ನಾವು ಕೊಳ್ಳೋ ಮನಿ ಇದೇ ಅಂತ ಹೇಳಿ ಅವರನ್ನ ಕರಸೋಣು. ಯಾವಾವ ಖರೇ ಹೇಳ್ತಾನೋ ಅವನ್ನ ಕರಕೊಂಡು ರೇವಣಸಿದ್ದಯ್ಯನವರ ಮನಿಗೆ ಹೋಗೋಣು."

ಅಂಬೂಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪ್ರೆಸ್ಸಿನ ಸಾಹುಕಾರರೆದುರು ಬಾಯಿ ಬಿಡದ ತನ್ನ ಗಂಡನೊಳಗೆ ಇಂಥ ಕಿಡಿಗೇಡಿ ಇದ್ದಾನೆಂದು ಆಕೆಗೆ ಹೊಸದಾಗಿ ಪ್ರೀತಿ ಉಕ್ಕಿತು. ಆಮೇಲೆ ಥಟ್ಟನೆ ನಗು ನಿಲ್ಲಿಸಿದಳು.

"ಅಡಿಗಿಮನಿಗೆ ಮಾತ್ರ ಯಾರೂ ಕಾಲಿಡಂಗಿಲ್ಲ. ಮಡಿ."

ಆ ಮಾತು ಬೇಕಾದ್ದಕ್ಕಿಂತ ತುಸು ಬೇಗ ಬಂತು. ಪ್ರಾಣೇಶ ಅದನ್ನು ಗಮನಿಸಲಿಲ್ಲ. ಮಡಿ ಎಂದ ಮೇಲೆ ಗಮನಿಸಲು ಏನಿರುತ್ತದೆ?

ಮೊದಲು ಬಂದವನು ಏಕಾಂತಪ್ಪ ಮೇಸ್ತ್ರಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಪಾಯಾ ನೋಡ್ರಿ ಸ್ವಾಮಿ, ಪಾಯಾ! ಆನೆ ನಿಂತ್ರೂ ಧೋಕಾ ಲೇದು, ಏನೂ ಆಗಂಗಿಲ್ಲ" ಎನ್ನುತ್ತಲೇ ಒಳಗೆ ಬಂದ. ಪಾಯ ಅವನಿಗೆ ಹೇಗೆ ಕಂಡಿತೋ, ಅದು ನೆಲದೊಳಗಿತ್ತು. ಪಡುವಣ ಗೋಡೆಗೆ ಬೆನ್ನು ಕೊಟ್ಟು ನಿಂತು ಕಾಫಿ ಕುಡಿದ. ನಡುಮನೆಯ ತೊಲೆಯನ್ನು ಕೋಲಿನಿಂದ ಕುಟ್ಟಿದ. ಟಪ್ ಎಂದು ಖಾಲಿ ಡಬ್ಬಿಯ ಸದ್ದು ಬಂತು, ಅದರ ಹಿಂದೆಯೇ ಹಿಡಿ ಪುಡಿ ಅವನ ಕಣ್ಣಿಗೆ ಉದುರಿತು.

"ಏನಪಾ ಅದು?" ಎಂದ ಪ್ರಾಣೇಶ, ಮುಗ್ಧನಂತೆ.

"ಬರೇ ದುಮ್ಮು ಸ್ವಾಮಿ, ಧೂಳು! ಕಸ ಹೊಡದಿಲ್ಲ ಅಮ್ಮಾವ್ರು" ಎಂದು ಏಕಾಂತಪ್ಪ ಕಣ್ಣುಜ್ಜಿಕೊಂಡ. "ಇದು ಕಟಗಿ ಅಲ್ಲ, ಐರನ್ ಅನ್ಕೋರಿ. ಪಕ್ಕಾ ಮಜಬೂತ್. ಕಣ್ಣು ಮುಚ್ಚಿ ತಗೋರಿ."

ಅವನಂತೂ ಕಣ್ಣು ಮುಚ್ಚಿಕೊಂಡೇ ಹೋದ. ಕಸ ಹೊಡೆದಿಲ್ಲವೆಂಬ ಮಾತಿಗೆ ಅಂಬೂಬಾಯಿ ಸಂಜೆಯವರೆಗೂ ಪಾತ್ರೆಗಳನ್ನು ಜೋರಾಗಿ ಇಟ್ಟಳು.

ಎರಡನೆಯವನು ನಿವೃತ್ತ ಓವರ್‌ಸೀರ್ ಭೀಮಲಿಂಗಪ್ಪ. ಕಿಸೆಯಿಂದ ಒಂದು ನಿಂಬೆಹಣ್ಣು ತೆಗೆದು ನೆಲದ ಮೇಲೆ ಬಿಟ್ಟು, ಅದು ಉರುಳಿದ ದಿಕ್ಕಿಗೆ ನೋಡಿ ನಿಟ್ಟುಸಿರು ಬಿಟ್ಟ. ತೊಲೆ ಹೋಗಿದೆ ಎಂದ. ಪ್ರಾಣೇಶನ ಕಿವಿ ನೆಟ್ಟಗಾಯಿತು. ಪಡುವಣ ಗೋಡೆ ಹೋಗಿದೆ ಎಂದ. ಇವನೇ ಸರಿ ಎಂದುಕೊಳ್ಳುವಷ್ಟರಲ್ಲಿ ಮೂಡಣ ಗೋಡೆಯೂ ಹೋಗಿದೆ, ಕಂಬ ಹೋಗಿದೆ, ಬಾವಿ ಹೋಗಿದೆ ಎಂದ. ಮೂಡಣ ಗೋಡೆಯ ಬಿರುಕನ್ನು ಬೆರಳಿಟ್ಟು ತೋರಿಸಿದ. ಅಂಬೂಬಾಯಿ ಹತ್ತಿರ ಹೋಗಿ ಅದನ್ನು ಉಗುರಿನಿಂದ ಎಳೆದಳು. ಬಿರುಕು ಕೈಗೆ ಬಂತು. ಸುಣ್ಣದಲ್ಲಿ ಅಂಟಿಕೊಂಡಿದ್ದ ಆಕೆಯದೇ ಕೂದಲು.

ಭೀಮಲಿಂಗಪ್ಪ ನಾಚಲಿಲ್ಲ. "ಕೆಡವಿ ಕಟ್ಟೂದ ಬರೋಬರಿ. ನಮ್ಮ ಅಳಿಯ ಕಾಂಟ್ರಾಕ್ಟ್ ಮಾಡ್ತಾನ. ಚಾಲಾ ಮಂಚಿವಾಡು, ಭಾಳ ಒಳ್ಳೇವ, ಮನಿ ಮಗ ಇದ್ದಂಗ."

"ನಿಂಬಿಹಣ್ಣು ಬಿಟ್ಟು ಹೊಂಟೀರಿ" ಎಂದಳು ಅಂಬೂಬಾಯಿ.

ಇನ್ನು ಯಾರು? ಈ ಸಲ ಉಪಾಯ ಹೊಳೆದದ್ದು ಆಕೆಗೆ. ಎಲ್ಲರೂ ಹೊಗಳುವವರನ್ನು ಕರೆದು ಆಯಿತು, ಎಲ್ಲರೂ ಬೈಯುವವನನ್ನು ಯಾಕೆ ಕರೆಯಬಾರದು? ಊರಿನಲ್ಲಿ ಅಂಥವನು ಒಬ್ಬನೇ ಇದ್ದ. ಮನೆಪಟ್ಟಿ ಜಂಬಪ್ಪ. ಮುನಿಸಿಪಾಲಿಟಿಯ ಮನೆ ತೆರಿಗೆಗಾಗಿ ಅವನು ನೌಕರಿಯುದ್ದಕ್ಕೂ ಆದೋನಿಯ ಮನೆಗಳನ್ನು ಅಳೆದವನು. ಅವನು ಬರುವ ಸುದ್ದಿ ಸಿಕ್ಕರೆ ಓಣಿ ಓಣಿಯೇ ಕೋಣೆಗಳನ್ನು ಅಡಗಿಸುತ್ತಿತ್ತು. ಒಬ್ಬರು ಬಾಗಿಲಿಗೆ ಬೀರು ತಂದಿಟ್ಟರೆ, ಇನ್ನೊಬ್ಬರು ಒಳಗೆ ಬಾಣಂತಿ ಇದ್ದಾಳೆ ಎನ್ನುತ್ತಿದ್ದರು. ಜಂಬಪ್ಪ ಯಾರ ಮನೆಯ ಎಲೆ ಅಡಿಕೆಯನ್ನೂ ಮುಟ್ಟಲಿಲ್ಲ, ಯಾರ ಜೊತೆಗೂ ನಗಲಿಲ್ಲ. ತನ್ನಷ್ಟು ಈ ಊರನ್ನು ಬಲ್ಲವರಿಲ್ಲವೆಂಬ ಜಂಬವೂ ಅವನಿಗಿತ್ತು. ಈಗ ನಿವೃತ್ತನಾಗಿ ಕೌತಾಳಂನಲ್ಲಿದ್ದ.

ಬಸ್ಸಿಳಿದು ಕೊಡೆ ಊರಿಕೊಂಡು ಬಂದ ಜಂಬಪ್ಪ, ಕಾಫಿಯ ಲೋಟವನ್ನು ಕಣ್ಣಲ್ಲೇ ವಾಪಸು ಕಳಿಸಿದ.

"ಬ್ಯಾಡ. ಕಾಫಿ ಕುಡದ ಬಾಯಿಲೆ ಗೋಡಿ ಬೈಯಾಕ ಆಗಂಗಿಲ್ಲ."

ತೊಲೆಯ ಕೆಳಗೆ ನಿಂತ, ಕುಟ್ಟಲಿಲ್ಲ. ಪಡುವಣ ಗೋಡೆಗೆ ಅಂಗೈ ಇಟ್ಟು, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ಹಾಗೇ ಇದ್ದ. ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದಾಗ ಅಂಬೂಬಾಯಿ ಅಡ್ಡ ನಿಂತು "ಮಡಿ ಅದ" ಎಂದಳು. ಅವನು ತಲೆಯಾಡಿಸಿ ಹಿಂದೆ ಸರಿದ. ಆಮೇಲೆ ನಡುಮನೆಗೆ ಬಂದು ಎಣ್ಣೆಯ ಕಲೆಯ ಮುಂದೆ ನಿಂತ. ಕಲೆಯನ್ನು ನೋಡಿದ. ಪ್ರಾಣೇಶನ ತಲೆಯನ್ನು ನೋಡಿದ. ಮತ್ತೆ ಕಲೆಯನ್ನು ನೋಡಿದ. ಆ ಮೂರು ನೋಟಗಳಿಗೆ ಪ್ರಾಣೇಶನ ನೆತ್ತಿ ಬೆವರಿತು.

"ತೊಲಿ ಹೋಗೈತಿ, ಬದಲಿ ಮಾಡ್ಬೇಕು. ಪಡುವಲ ಗೋಡಿ ಹಸಿ ಐತಿ, ಆದ್ರ ಬೀಳಂಗಿಲ್ಲ. ಉಳದದ್ದು ಚಲೋ ಐತಿ. ಅಡಿಗಿಮನಿ ನಾ ನೋಡಿಲ್ಲ, ನೋಡದ್ದು ಚಲೋ ಅಂತ ನನ್ನ ಬಾಯಾಗ ಬರಂಗಿಲ್ಲ" ಎಂದ ಜಂಬಪ್ಪ. "ಇನ್ನೊಂದು ಮಾತು. ಕೊಳ್ಳಾಕ ಬಂದಾವ ಮನಿ ನೋಡಾಕ ಬರತಾನ, ಗೋಡಿಗೆ ತಲಿ ಆನಿಸಿ ವರ್ಷಗಟ್ಲೆ ಕುಂದ್ರಂಗಿಲ್ಲ. ಪರೀಕ್ಷಾ ಮುಗೀತೇನ್ರಿ? ಮುಗದಿದ್ರ ಖರೇ ಮನಿ ಎಲ್ಲೈತಿ, ನಡೀರಿ."

ಪ್ರಾಣೇಶನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಂಬೂಬಾಯಿಯಂತೂ ಆಗಲೇ ಸೀರೆ ಸರಿಮಾಡಿಕೊಂಡು ಹೊರಟು ನಿಂತಿದ್ದಳು.

ರೇವಣಸಿದ್ದಯ್ಯನವರು ಪಡಸಾಲೆಯಲ್ಲಿ ಗಾದಿ ಹಾಸಿ ಕಾದಿದ್ದರು. ಜಂಬಪ್ಪನನ್ನು ಕಂಡಾಗ ಅವರ ಮುಖದ ಮೇಲೆ ಹಳೆಯ ಕಹಿಯೊಂದು ಸುಳಿದುಹೋಯಿತು. ಆದರೂ ಮನೆಯೆಲ್ಲ ತೋರಿಸಿದರು. ಕಂಬ, ಮಾಳಿಗೆ, ಬಾವಿ, ಎಲ್ಲವೂ ನೆಟ್ಟಗಿದ್ದವು. ಕೊನೆಗೆ ಒಂದು ಕೋಣೆ ಉಳಿಯಿತು. ಅದಕ್ಕೆ ಕೆಂಪು ಪರದೆ. ಪರದೆಯ ಹಿಂದೆ ಗಂಟೆಯ ಸದ್ದು.

"ಪೂಜಾ ಕೋಣಿ. ನಮ್ಮ ಹೆಂಡ್ತಿ ತಮ್ಮ ಗುರುಪಾದಯ್ಯ ಪೂಜಾಕ್ಕ ಕುಂತಾನ. ಈಗ ಪರದಾ ಸರಸಾಕ ಬರಂಗಿಲ್ರಿ."

ಹಿಂದೆ ಬಂದಾಗಲೂ ಗುರುಪಾದಯ್ಯ ಪೂಜೆಗೆ ಕೂತಿದ್ದ. ಎಂಥ ಭಕ್ತಿವಂತರ ಮನೆ ಎಂದು ಪ್ರಾಣೇಶ ಆಗ ಸಂತೋಷಪಟ್ಟಿದ್ದ.

"ಮುಗೀಲಿ. ಕುಂದ್ರತೀವಿ" ಎಂದ ಜಂಬಪ್ಪ.

"ಹೊತ್ತಾಕೈತ್ರಿ."

"ಆಗಲಿ."

ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಅವನು ಬೆಂಚಿನ ಮೇಲೆ ಕೂತ. ಉಳಿದವರೂ ಕೂತರು. ಮಾತಿಲ್ಲ, ಗಂಟೆಯೊಂದೇ. ಮೊದಮೊದಲು ಅದು ಹುರುಪಿನಿಂದ ಬಾರಿಸುತ್ತಿತ್ತು. ಬರುಬರುತ್ತ ಸೋತಿತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು, ಬದನೆಕಾಯಿ ಪಲ್ಯದ ವಾಸನೆ ಬಂತು. ಗಂಟೆ ತಡವರಿಸಿತು. ಪ್ರೆಸ್ಸಿನ ಊಟದ ಸೈರನ್ನು ಕೂಗಿತು. ಈಗ ಗಂಟೆ ದಾರಿ ತಪ್ಪಿದ ಮುದಿ ಎತ್ತಿನ ಕೊರಳ ಗಂಟೆಯಂತೆ ಆಗೊಮ್ಮೆ ಈಗೊಮ್ಮೆ ಮಿಡುಕುತ್ತಿತ್ತು. ರೇವಣಸಿದ್ದಯ್ಯನವರು ಪರದೆಯ ಕಡೆ ತಿರುಗಿ ಜೋರಾಗಿ ಕೆಮ್ಮಿದರು. ಗಂಟೆ ಎಚ್ಚೆತ್ತು ನಾಲ್ಕು ಸಲ ಬಾರಿಸಿ, ಪೂರ್ತಿ ನಿಂತಿತು.

ಆ ಮೌನದಲ್ಲಿ, ಪರದೆಯ ಹಿಂದಿನಿಂದ, ದೊಡ್ಡ ದನಿಯಲ್ಲಿ ಒಂದು ಎಮ್ಮೆ ಕೂಗಿತು.

"ದೇವರು ಎಮ್ಮಿ ಮ್ಯಾಲೆ ಬಂದಾನೇನ್ರಿ?" ಎಂದ ಜಂಬಪ್ಪ.

"ಬಾಜೂ ಮನಿದದು" ಎಂದರು ರೇವಣಸಿದ್ದಯ್ಯನವರು, ಗಾದಿಯ ಅಂಚನ್ನು ಸರಿಪಡಿಸುತ್ತ.

"ಬಾಜೂ ಮನೀದು ಇಷ್ಟು ಹತ್ತರ ಕೇಳಸ್ತೈತಿ ಅಂದ್ರ, ನಡಬರಕ ಗೋಡಿ ಐತೋ ಇಲ್ಲೋ?"

ಉತ್ತರ ಪರದೆಯ ಹಿಂದಿನಿಂದ ಬಂತು. ಗುರುಪಾದಯ್ಯ ಗಂಟೆ ಹಿಡಿದುಕೊಂಡೇ ಹೊರಬಂದ. ಅವನ ಬೆನ್ನು ಒದ್ದೆಯಾಗಿತ್ತು.

"ಮಾವ, ನಿನಗ ಕೈ ಮುಗೀತೀನಿ. ಕೈ ಬಿದ್ದು ಹೋಗೈತಿ, ಹೊಟ್ಟಿ ಹಸದೈತಿ. ಅದರ ಮ್ಯಾಲೆ ಆ ಎಮ್ಮಿ ಮುಂಜಾನಿಯಿಂದ ನನ್ನ ಬೆನ್ನು ನೆಕ್ಕಾಕ ಹತ್ತೈತಿ!"

ಪರದೆ ಸರಿದಿತ್ತು. ಕೋಣೆಯ ಕೆಳಗಿನ ಎರೆಮಣ್ಣು ಕುಸಿದು, ಹಿಂದಿನ ಗೋಡೆ ನೆಲದಿಂದ ಮಾಳಿಗೆಯವರೆಗೆ ಸೀಳಿಕೊಂಡಿತ್ತು. ಸೀಳಿನಲ್ಲಿ ಕರಿಯ, ತೇವದ ಮೂತಿಯೊಂದು ತೂರಿಕೊಂಡು, ದೇವರ ಮುಂದಿನ ಬಿಲ್ವಪತ್ರೆಯನ್ನು ನಿಧಾನವಾಗಿ ಮೆಲ್ಲುತ್ತಿತ್ತು.

ಮೊದಲು ನಕ್ಕವರು ರೇವಣಸಿದ್ದಯ್ಯನವರೇ. ವ್ಯಾಪಾರಿಗಳಿಗೆ ಸೋತಾಗ ನಗುವ ಒಂದು ನಗೆ ಇರುತ್ತದೆ, ಅದು. "ಹೋಗಲಿ ಬಿಡ್ರಿ ಪ್ರಾಣೇಶಪ್ಪನವರ. ನಿಮ್ಮ ಮಂದಿ ಮಡಿ ಅಂತಾರ, ನಾವು ಪೂಜಾ ಅಂತೀವಿ. ಎಲ್ಲಾರ ಮನ್ಯಾಗೂ ಒಂದು ಪರದಾ ಇರತೈತಿ."

ಪ್ರಾಣೇಶನೂ ನಕ್ಕ. ನಗುತ್ತ ಹೆಂಡತಿಯ ಕಡೆ ತಿರುಗಿದ. ಆಕೆ ಮಾತ್ರ ನಗುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಮೂವರೂ ಹಿಂದಿರುಗಿದಾಗ ಮನೆಯ ಕಟ್ಟೆಯ ಮೇಲೆ ಲಿಂಗಕ್ಕ ಕೂತಿದ್ದಳು. ಆಕೆ ಕೂತ ರೀತಿಯೇ ಜಗಳವಾಗಿತ್ತು.

"ಏನ್ರೀ ಪ್ರಾಣೇಶಪ್ಪ, ನನ್ನ ಮನಿ ಮಾರಾಕ ನಾ ಯಾವಾಗ ಹೇಳಿದ್ದೆ? ಊರೆಲ್ಲಾ ಸುದ್ದಿ. ಆ ಏಕಾಂತಪ್ಪ ಸಿಕ್ಕು, ನಿನ್ನ ಮನಿ ಬಂಗಾರ ಐತಿ ಲಿಂಗಕ್ಕ ಅಂತಾನ. ಆ ಓವರ್‌ಸೀರ್ ಸಿಕ್ಕು, ನಾಳಿಗೆ ಬೀಳತೈತಿ ಅಂತಾನ. ನಾ ಯಾರ ಮಾತು ನಂಬಲಿ?"

ಜಂಬಪ್ಪ ಕೊಡೆ ಊರಿ ನಿಂತು, ತೊಲೆಯ ಸಂಗತಿ, ಗೋಡೆಯ ಸಂಗತಿ ಹೇಳಿದ. ಲಿಂಗಕ್ಕನ ದನಿ ಇಳಿಯಿತು.

"ಹಂಗಾರ ಆ ತೊಲಿ ಯಾರು ಬದಲಿ ಮಾಡಸ್ಬೇಕು?"

"ಮನಿ ಯಾರದೋ ಅವರು."

ಲಿಂಗಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಆಗ ಅಂಬೂಬಾಯಿ, ಗಂಡನನ್ನು ಕೇಳದೆ, ಹಗುರವಾಗಿ ಅಂದಳು: "ರಿಪೇರಿ ಮಾಡಿಸಿಕೊಡ್ರಿ ಲಿಂಗಕ್ಕ. ಇಲ್ಲಾ, ಹಿಂಗ ಇದ್ದಂಗ ನಮಗೇ ಕೊಟ್ಟುಬಿಡ್ರಿ. ತೊಲಿ ನಾವು ಹಾಕಸ್ತೀವಿ."

ಪ್ರಾಣೇಶ ಬೆಚ್ಚಿದ. ಆಮೇಲೆ ಅದು ಅವನಿಗೂ ಸರಿ ಕಂಡಿತು. ಆದೋನಿಯಲ್ಲೆಲ್ಲ ಅವನಿಗೆ ಹುಳುಕು ಗೊತ್ತಿದ್ದ ಮನೆ ಇದೊಂದೇ. "ಕೊಳ್ಳಬಹುದೇನ್ರಿ?" ಎಂದು ಜಂಬಪ್ಪನನ್ನು ಕೇಳಿದ.

"ಅಡಿಗಿಮನಿ ನೋಡಿದ ಮ್ಯಾಲೆ ಹೇಳ್ತೀನಿ. ಮಾಳಿಗಿ ಭಾರ ಎಲ್ಲಾ ಅದರ ಗೋಡಿ ಹೊತ್ತೈತಿ. ಅದು ಗಟ್ಟಿ ಇದ್ರ ತಗೋರಿ. ಟೊಳ್ಳಿದ್ರ ಬ್ಯಾಡ."

ಎಲ್ಲರೂ ಒಳಗೆ ಬಂದರು. ಅಂಬೂಬಾಯಿ ಎಲ್ಲರಿಗಿಂತ ಮೊದಲು ಓಡಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು.

"ಮಡಿ ಅದ."

ಊಟ ಮುಗಿಯದ ಮಧ್ಯಾಹ್ನ. ಒಲೆ ಹಚ್ಚಿಯೇ ಇರಲಿಲ್ಲ. ಆಕೆಯೂ ಪೇಟೆಯೆಲ್ಲ ಸುತ್ತಿ ಬಂದ ಸೀರೆಯಲ್ಲೇ ಇದ್ದಳು. ಪ್ರಾಣೇಶ ಹೆಂಡತಿಯ ಮುಖ ನೋಡಿದ. ಎಷ್ಟು ವರ್ಷಗಳಿಂದ ಈ ಮುಖದ ಮೌನಗಳೆಲ್ಲ ತನಗೆ ತಿಳಿದಿವೆಯೆಂದುಕೊಂಡಿದ್ದ! ಇದೊಂದು ತಿಳಿದಿರಲಿಲ್ಲ. ಅವನ ಕಿವಿಯಲ್ಲಿ ಗಂಟೆ ಬಾರಿಸಿದಂತಾಯಿತು.

"ಅಂಬೂ" ಎಂದ ಮೆಲ್ಲಗೆ, "ಒಳಗ ಎಮ್ಮಿ ಅದೇನು?"

ಆಕೆ ತುಟಿ ಕಚ್ಚಿಕೊಂಡಳು. ನಗುವೋ ಅಳುವೋ ತಿಳಿಯದ ಒಂದು ಗಳಿಗೆ. ಆಮೇಲೆ ಹೊಸ್ತಿಲಿನಿಂದ ಸರಿದು, ಯಾವಾಗಲೂ ಗೋಡೆಗೆ ಒರಗಿಕೊಂಡೇ ಇರುತ್ತಿದ್ದ ಬಾಗಿಲನ್ನು ತಾನೇ ಎಳೆದಳು.

ಬಾಗಿಲ ಹಿಂದಿನ ಗೋಡೆಯ ತುಂಬ ಮೊಳೆಗಳು. ಸಾಲು ಸಾಲಾಗಿ. ಒಂದಕ್ಕೆ ಜರಡಿ, ಒಂದಕ್ಕೆ ಸೌಟು, ಒಂದಕ್ಕೆ ತವರಿನಿಂದ ತಂದ ಹಿತ್ತಾಳೆಯ ಜಾಲರಿ. ಒಂದಕ್ಕೆ ಅವರ ಮದುವೆಯ ಫೋಟೋ. ಅದರ ಪಕ್ಕದಲ್ಲಿ, ಬಸ್ಸಿನಲ್ಲಿ ಕಳೆದುಹೋಯಿತೆಂದು ಪ್ರಾಣೇಶ ಮರೆತೇಬಿಟ್ಟಿದ್ದ ಅವನ ಕರಿಯ ಟೋಪಿ. ಕೆಲವು ಮೊಳೆಗಳಲ್ಲಿ ಏನೂ ಇರಲಿಲ್ಲ. ಸುಮ್ಮನೆ ಹೊಡೆದವು.

"ನನ್ನ ಗಂಡನ ಗೋಡಿ!" ಎಂದು ಲಿಂಗಕ್ಕ ಎದೆ ಹಿಡಿದುಕೊಂಡಳು. "ಎಷ್ಟು ಚುಚ್ಚೀಯವ್ವಾ! ಯಾವಾಗ ಹೊಡದಿ? ಸಪ್ಪಳಾನೂ ಕೇಳಲಿಲ್ಲಲ್ಲ!"

"ಪ್ರೆಸ್ಸಿನ ಸೈರನ್ ಆದಾಗ" ಎಂದಳು ಅಂಬೂಬಾಯಿ, ನೆಲ ನೋಡುತ್ತ. "ದಿನಕ್ಕೊಂದು ಪೆಟ್ಟು."

ಜಂಬಪ್ಪ ಯಾರ ಮಾತೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಾಲು ತೊಳೆದು, ಒಳಗೆ ಹೋಗಿ ಒಂದು ಮೊಳೆ ಹಿಡಿದು ಎಳೆದ. ಅಲುಗಲಿಲ್ಲ. ಇನ್ನೊಂದನ್ನು ಎಳೆದ. ಕೊಡೆಯ ಹಿಡಿಕೆಯನ್ನು ಸಿಕ್ಕಿಸಿ ಇಡೀ ಮೈಭಾರ ಹಾಕಿ ಜಗ್ಗಿದ. ಹಿಡಿಕೆಯೇ ಲಟಕ್ಕೆಂದಿತು, ಮೊಳೆ ಹಾಗೇ ಇತ್ತು.

"ಒಂದು ಚೂರು ಸುಣ್ಣ ಉದರಿಲ್ಲ" ಎಂದ. ಅವನ ದನಿಯಲ್ಲಿ ಮೊದಲ ಸಲ ಏನೋ ಮೆತ್ತಗಾಗಿತ್ತು. "ಈ ಗೋಡಿ ಇಷ್ಟು ಮೊಳಿ ತಿಂದೂ ಹಿಂಗ ನಿಂತೈತಿ ಅಂದ್ರ, ಇದಕ್ಕಿಂತ ದೊಡ್ಡ ಪರೀಕ್ಷಾ ನಾ ಏನು ಮಾಡ್ಲಿ? ತಗೋರಿ ಮನಿ."

ಲಿಂಗಕ್ಕ ಕೂಗಾಡುವುದನ್ನು ನಿಲ್ಲಿಸಿ ಗೋಡೆಯ ಮೇಲೆ ಕೈಯಾಡಿಸಿದಳು. "ನಮ್ಮ ಯಜಮಾನ್ರು ಸುಣ್ಣಕ್ಕ ಬೆಲ್ಲದ ನೀರು ಹಾಕಿಸಿ ಅರೆಸಿದ್ರು" ಎಂದಳು, ಯಾರಿಗೆಂದಲ್ಲ. ಆಮೇಲೆ ಅಂಬೂಬಾಯಿಯ ಕಡೆ ತಿರುಗಿ, "ನಿನ್ನ ಕೈಗೆ ಅಲ್ಲದ ಇನ್ಯಾರ ಕೈಗೆ ಕೊಡ್ಲಿ? ಬ್ಯಾರೇ ಯಾರು ಬಂದ್ರೂ ಈ ಮೊಳಿ ಕಿತ್ತಾಕ ಆಗಂಗಿಲ್ಲ" ಎಂದಳು.

ಜಂಬಪ್ಪ ಈಗ ಕಾಫಿ ಕೇಳಿ ಕುಡಿದ.

ದಸರೆಯ ಹೊತ್ತಿಗೆ ಖರೀದಿ ಪತ್ರವಾಯಿತು, ಹೊಸ ತೊಲೆ ಬಂತು. ಒಂದು ಭಾನುವಾರ ಪ್ರಾಣೇಶ ಪೇಟೆಯಿಂದ ಉದ್ದನೆಯದೊಂದು ಮೊಳೆ, ಸುತ್ತಿಗೆ ತಂದು ಹೆಂಡತಿಯ ಕೈಗಿಟ್ಟ. "ಹೊಡಿ. ಕೇಳವರು ಯಾರೂ ಇಲ್ಲ. ಎಲ್ಲಿ ಬೇಕಾದಲ್ಲಿ ಹೊಡಿ."

ಅಂಬೂಬಾಯಿ ನಡುಮನೆಯ ನಾಲ್ಕೂ ಗೋಡೆ ನೋಡಿದಳು. ಸಮಯ ತೆಗೆದುಕೊಂಡಳು. ಆಮೇಲೆ ನೇರವಾಗಿ ಹೋಗಿ, ಎಣ್ಣೆಯ ಕಲೆಯ ನಟ್ಟನಡುವೆ ಮೊಳೆ ಇಟ್ಟು, ಸೈರನ್ನಿಗೆ ಕಾಯದೆ ಬಾರಿಸತೊಡಗಿದಳು. ಓಣಿಗೆಲ್ಲ ಕೇಳಿಸುವಂತೆ.

ಕಿಟಕಿಯಲ್ಲಿದ್ದ ಕ್ಯಾಲೆಂಡರನ್ನು ತಂದು ಅದಕ್ಕೆ ತೂಗುಹಾಕಿದಳು. ಕಲೆ ಮುಚ್ಚಿಹೋಯಿತು. ಅಂದು ಊಟವಾದ ಮೇಲೆ ಪ್ರಾಣೇಶ ಎಂದಿನ ಜಾಗಕ್ಕೆ ಹೋಗಿ ನಿಂತ, ಕ್ಯಾಲೆಂಡರು ನೋಡಿದ, ಹೆಂಡತಿಯ ಬೆನ್ನು ನೋಡಿದ. ಎದುರು ಗೋಡೆಗೆ ಹೋಗಿ, ತಲೆಗೂ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಕೂತ.